ಬಚ್ಚಲ ನೀರಿನ ಬಜೆ

ನಾವಿರುವುದು ಹೆಬ್ಬಾಳ ದಾಟಿ ಇಲವಾಲದ ಕಡೆಗೆ ಹೋಗುವಾಗ ಸಿಗುವ ಹೊಸ ಬಡಾವಣೆಯಲ್ಲಿ. ಎಂಟು ಮನೆಗಳ ಕಟ್ಟಡ. ಒಳಚರಂಡಿ ಪೈಪು ಇನ್ನೂ ನಮ್ಮ ರಸ್ತೆಗೆ ಬಂದಿಲ್ಲ. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಶೌಚದ ಗುಂಡಿ ತುಂಬಿ ಹೊರಬರುವ ನೀರು ಎಲ್ಲವೂ ಹಿಂದಿನ ಜಾಗದಲ್ಲಿ ನಿಲ್ಲುತ್ತಿತ್ತು. ಬಂದ ಹೊಸದರಲ್ಲಿ ನಾನು ಅಡುಗೆಮನೆಯ ಕಿಟಕಿಯನ್ನೇ ತೆರೆಯುತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿರುವವರು ನಿವೃತ್ತ ಇಂಜಿನಿಯರು. ಅವರೇ ಒಂದು ದಾರಿ ಹೇಳಿದರು. ಉದ್ದಕ್ಕೆ ಗುಂಡಿ ತೋಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜಲ್ಲಿ ತುಂಬಿ, ಅದರಲ್ಲಿ ಜೌಗು ನೆಲದ ಗಿಡ ನೆಡುವುದು. ಕೊಳಕು ನೀರು ಜಲ್ಲಿಯೊಳಗೇ ಹರಿದು, ಬೇರುಗಳ ನಡುವೆ ನುಸುಳಿ, ಆಚೆ ತುದಿಯಲ್ಲಿ ಬಹುಮಟ್ಟಿಗೆ ತಿಳಿಯಾಗಿ ಹೊರಬರುತ್ತದಂತೆ.

"ಜೊಂಡು ಹಾಕಬಹುದು, ಇಲ್ಲಾ ಬಜೆ ಹಾಕಬಹುದು," ಎಂದರು.

"ಯಾವ ಬಜೆ ಸಾರ್? ಮಕ್ಕಳಿಗೆ ತೇದು ನೆಕ್ಕಿಸ್ತಾರಲ್ಲ, ಅದೇನಾ?"

"ಅದೇ ಕಣಮ್ಮ. ಕೊಳೆ ನೀರಲ್ಲೂ ಸೊಗಸಾಗಿ ಬರತ್ತೆ."

ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ನಾವು ಅಕ್ಕತಂಗಿಯರು ನಾಲ್ಕೂ ಜನ ಬಜೆ ನೆಕ್ಕಿ ಬೆಳೆದವರು. ಒಣಗಿದ ಬೇರನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇದು, ನಮ್ಮ ಅಮ್ಮ ಬೆರಳತುದಿಯಿಂದ ನಾಲಿಗೆಗೆ ಸವರುತ್ತಿದ್ದಳಂತೆ. ಹೊಟ್ಟೆನೋವು ಬರಬಾರದು, ಮಾತು ಬೇಗ ಬರಬೇಕು ಅಂತ. ತವರೂರಿನ ನಾಲೆ ಪಕ್ಕದ ಜೌಗಿನಿಂದ ನಾನೇ ಒಂದು ಗೋಣಿಚೀಲ ಬೇರು ತಂದು ನೆಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಗಳು ಕತ್ತಿಯ ಹಾಗೆ ಎದ್ದು ನಿಂತವು. ನಾತ ಹೋಯಿತು. ಕಿಟಕಿ ತೆರೆದೆ. ಬಂದವರಿಗೆಲ್ಲ ಪಾತಿ ತೋರಿಸಿ, ಎಲೆ ಮುರಿದು ಮೂಸಿಸಿ, "ಬಜೆ ಕಣ್ರೀ, ಮಕ್ಕಳಿಗೆ ಕೊಡೋ ಬಜೆ" ಎಂದು ಹೇಳಿದ್ದೇ ಹೇಳಿದ್ದು.

ಹಾಗೆ ಹೇಳಿಸಿಕೊಂಡವರಲ್ಲಿ ನಮ್ಮ ಮೆಟ್ಟಿಲು ಗುಡಿಸಿ ಒರೆಸಲು ಬರುವಾಕೆಯೂ ಒಬ್ಬಳು. ಪಾತಿ ಹಸಿರಾದ ಮೇಲೆ ಕೆಲಸಕ್ಕೆ ಸೇರಿದವಳು. ಅವಳು ಕಂಡದ್ದು ಮೇಲಿನ ಒಣ ಜಲ್ಲಿ ಮತ್ತು ಗಿಡ ಮಾತ್ರ. ಕೆಳಗೆ ಹರಿಯುವುದೇನು ಎಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ ಪಾತಿಯ ಮೂಲೆಯಲ್ಲಿ ಜಲ್ಲಿ ಚದರಿತ್ತು, ಮೂರು ಬುಡ ಕಾಣೆಯಾಗಿದ್ದವು. ಹೆಗ್ಗಣವಿರಬೇಕು ಎಂದುಕೊಂಡೆ. ಆಗ ಎದುರು ಮನೆಯವರು ಬಾಗಿಲಲ್ಲೇ ನಿಂತು, "ಮೆಟ್ಲು ಒರೆಸೋ ಅಮ್ಮ ಹೋದ ವಾರ ಕಿತ್ಕೊಂಡು ಹೋದ್ಲು ಕಣ್ರೀ, ಮೊಮ್ಮಗೂಗಂತೆ" ಎಂದರು.

ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ಎರಡು ತಿಂಗಳು. ಎಂಟು ಮನೆಗಳ ಕೊಳೆಯಲ್ಲಿ ಮುಳುಗಿದ ಬೇರು ಅದರ ನಾಲಿಗೆಗೆ! ಅದಕ್ಕೂ ಮಿಗಿಲಾಗಿ, ಎರಡು ದಿನದಿಂದ ಅವಳು ಕೆಲಸಕ್ಕೇ ಬಂದಿರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್. ಒಲೆ ಆರಿಸಿ ಸ್ಕೂಟರ್ ತೆಗೆದೆ.

ಅವಳ ಮನೆಯಿರುವ ಇಲವಾಲ ದೂರವೇನಲ್ಲ. ಆದರೆ ಆ ದಿನ ಹುಣಸೂರು ರಸ್ತೆ ಮುಗಿಯಲೇ ಇಲ್ಲ. ಕೂಸು ಆಸ್ಪತ್ರೆಯಲ್ಲಿದೆ ಎಂದು ದಾರಿಯುದ್ದಕ್ಕೂ ನಾನೇ ಕಲ್ಪಿಸಿಕೊಂಡೆ. ಹಾಲಿನ ಡೇರಿಯ ಹತ್ತಿರ ಕೇಳಿ ಮನೆ ಹುಡುಕಿದೆ.

ಅವಳು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಬಜೆ ತಂದ್ಯಂತಲ್ಲ?" ಎಂದೆ. ಉಸಿರಿಗೆ ಸಿಕ್ಕಿದ್ದು ಅಷ್ಟೇ.

ಅವಳ ಮುಖ ಬಿಗಿಯಾಯಿತು. "ಮೂರು ಬೇರಿಗೆ ಮನೆಗಂಟ ಬಂದ್ಬುಟ್ರಾ ಅಮ್ಮ? ಮಕ್ಕಳಿಗೆ ಕೊಡೋದು ಅಂತ ನೀವೇ ಅಂದಿದ್ರಲ್ಲ. ಕದಿಯೋಳಲ್ಲ ನಾನು."

"ಅಯ್ಯೋ ಅದಕ್ಕಲ್ಲ ಕಣಮ್ಮ! ಮಗೂಗೆ ಕೊಟ್ಟೆಯಾ? ಮೊದಲು ಅದು ಹೇಳು."

"ಯಾಕೆ?"

ಹೇಳಿದೆ. ಜಲ್ಲಿಯ ಕೆಳಗೆ ಹರಿಯುವುದು ಏನೆಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಅವರೆಕಾಯಿ ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಮಗಳೊಂದಿಗೆ ಏನೋ ಜೋರಾಗಿ ಮಾತಾಡಿದ್ದು ಕೇಳಿಸಿತು. ಕೊನೆಗೆ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಮೂರು ಬೇರು, ಸುಕ್ಕುಗಟ್ಟಿದ್ದವು, ಆದರೆ ಇಡಿಯಾಗಿದ್ದವು.

"ಹಸೀದು ಕೊಟ್ರೆ ವಾಂತಿ ಆಯ್ತದೆ ಅಂತ ಮಾಳಿಗೆ ಮ್ಯಾಲೆ ಒಣಗಾಕಿದ್ದೆ ಕಣಮ್ಮ. ಇನ್ನೂ ಒಳಗೆ ಹಸಿ ಐತೆ. ಮುಟ್ಸಿಲ್ಲ, ಕೂಸಿಗೆ ಮುಟ್ಸೇ ಇಲ್ಲ."

"ಮತ್ತೆ ಎರಡು ದಿನ ಕೆಲಸಕ್ಕೆ ಯಾಕೆ ಬರಲಿಲ್ಲ?"

"ನನಗೇ ಜ್ವರ. ಫೋನು ನೀರ್ಗೆ ಬಿದ್ಬುಟ್ಟೈತೆ."

ನಾನು ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅವಳು ನಗಲಿಲ್ಲ. "ಮೊದಲೇ ಒಂದು ಮಾತು ಹೇಳ್ಬಾರದಿತ್ತಾ?" ಎಂದಳು. ತಪ್ಪಾಯಿತು ಎಂದೆ. ನಿಜಕ್ಕೂ ತಪ್ಪು ನನ್ನದೇ. ಗಿಡದ ಗುಣಗಾನ ಮಾಡುವ ಹುರುಪಿನಲ್ಲಿ ಅದರ ಬುಡದಲ್ಲಿ ಹರಿಯುವ ನೀರನ್ನು ಮರೆತಿದ್ದೆ.

ಮಗಳು ಕಾಫಿ ತಂದಳು. ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಹೊಟ್ಟೆತುಂಬ ಹಾಲು ಕುಡಿದು, ಬೆಚ್ಚಗೆ, ಒಂದಿಷ್ಟು ಭಾರವಾಗಿತ್ತು.

ಮುಂದಿನ ಸೂಜಿಗೆ ಕೂಸನ್ನು ಆರೋಗ್ಯ ಕೇಂದ್ರಕ್ಕೆ ಒಯ್ದಾಗ ಅಜ್ಜಿ ಅಲ್ಲಿನ ನರ್ಸಮ್ಮನನ್ನೇ ಕೇಳಿದಳಂತೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ, ಅಂಗಡಿಯ ಬಜೆಯೂ ಬೇಡ ಎಂದರಂತೆ. "ನಾವೆಲ್ಲ ನೆಕ್ಕಿ ಬದುಕ್ಕೊಂಡಿದೀವಿ, ಆದ್ರೂ ಯಾಕೆ ಬುಡಿ" ಎಂದಳು ನನಗೆ. ನಾನೂ ಹೌದೆಂದೆ.

ಪಾತಿಯ ಮುಂದೆ ಈಗ ಹಲಗೆಯಿದೆ: ಇದು ಕೊಳಚೆ ನೀರಿನ ಗಿಡ, ಔಷಧಿಗೆ ಕೀಳಬೇಡಿ. ಬರೆಸಿದ ದಿನ ಅವಳಿಗೆ ಓದಿ ಹೇಳಿದೆ. ಪೊರಕೆ ಹಿಡಿದೇ ಕೇಳಿಸಿಕೊಂಡು, "ಓದಕ್ ಬರದೋರ್ಗೆ ನಾನ್ ಹೇಳ್ತೀನಿ ಬುಡಿ" ಎಂದು ಮೇಲಿನ ಮಹಡಿಗೆ ಹೋದಳು.