ಮೂರು ಸಲ ತೊಳೆದ ಕೈ

ಅವರ ಬಲಗೈ ಮೊಣಕೈವರೆಗೂ ರೋಮವಿಲ್ಲದೆ ನುಣ್ಣಗಿತ್ತು. ಉಗುರುಗಳನ್ನು ಮಾಂಸಕ್ಕೆ ಅಂಟುವಷ್ಟು ಕತ್ತರಿಸಿರುತ್ತಿದ್ದರು. ಕೊಳ್ಳೇಗಾಲದ ಕಡೆ ಪಶುವೈದ್ಯೆಯಾಗಿ ನಾನು ಮೊದಲು ಕೆಲಸಕ್ಕೆ ಸೇರಿದಾಗ ನಮ್ಮ ಆಸ್ಪತ್ರೆಯಲ್ಲಿದ್ದ ಕಾಂಪೌಂಡರ್ ಅವರು. ಕುದುರೆಯಾಗಲಿ ಹಸುವಾಗಲಿ, ಬಾಲ ಕಟ್ಟದೆ, ಹಿಂಭಾಗವನ್ನೂ ತಮ್ಮ ಕೈಯನ್ನೂ ಮೂರು ಮೂರು ಸಲ ತೊಳೆಯದೆ ಮುಟ್ಟಿದವರಲ್ಲ. "ತೊಳೆದೂ ತೊಳೆದೂ ಕೈರೇಖೆಯೇ ಅಳಿಸಿಹೋಗಿದೆ" ಎಂದು ಕೆಣಕಿದರೆ ನಗುತ್ತಿದ್ದರು.

ಧನಗೆರೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸುವವನೊಬ್ಬನಿದ್ದ. ಅವನ ಬಿಳಿ ಹೆಣ್ಣು ಕುದುರೆಗೆ ವಯಸ್ಸಾಗಿತ್ತು. ಎರಡು ವರ್ಷದಿಂದ ಗಬ್ಬ ನಿಂತಿರಲಿಲ್ಲ. ಅದರದೇ ಒಂದು ಮರಿ ಬೇಕೆಂದು ಅವನ ಹಟ. ಅದರ ಗರ್ಭಕೋಶದ ಒಳಪದರದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದೆ. ರಿಪೋರ್ಟು ಬರುವ ಮೊದಲೇ ಕುದುರೆ ಬೆದೆಗೆ ಬಂತು. ಅವನು ಯಳಂದೂರಿನಿಂದ ಗಂಡು ಕುದುರೆ ತಂದು ನಿಲ್ಲಿಸಿಯೇಬಿಟ್ಟ.

ಕಾಂಪೌಂಡರ್ ನನ್ನನ್ನು ಪಕ್ಕಕ್ಕೆ ಕರೆದರು. "ಬಾಲದಡಿ ನೋಡಿ ಮೇಡಂ. ಹೆರೋ ಬಾಗ್ಲು ಒಳಕ್ಕೆ ಕುಸ್ದದೆ, ಲದ್ದಿ ಅದ್ರ ಮ್ಯಾಲೇ ಬೀಳ್ತದೆ. ಗರ್ಭನೂ ಜಗ್ಗೋಗ್ಯದೆ. ತಗ್ಗಲ್ಲಿ ನಿಂತ ನೀರು ಈಚೆಗೆ ಬರಾಕಿಲ್ಲ, ಕೊಳೀತದೆ. ರಿಪೋರ್ಟು ಬರ್ಲಿ. ಬೆದೆ ಇಪ್ಪತ್ತೊಂದು ದಿನುಕ್ಕೆ ಮತ್ತೆ ಬತ್ತದೆ, ಕುದ್ರೆ ಹೋದ್ರೆ ಬರಾಕಿಲ್ಲ."

ನನಗೆ ಓದಿದ ಗರ್ವ. ಮೇಲಾಗಿ ಕುದುರೆಯವನ ಮನೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ಗಂಡು ಬಿಡಿ" ಎಂದೆ.

ನಾಲ್ಕನೇ ದಿನ ರಿಪೋರ್ಟು ಬಂತು. ಒಳಪದರದ ಗ್ರಂಥಿಗಳ ಸುತ್ತ ಹಳೇ ಗಾಯದ ಕಲೆಯಂತೆ ನಾರು ಬೆಳೆದಿದೆ. ಗಬ್ಬ ನಿಂತರೂ ಉಳಿಯುವುದು ಕಷ್ಟ, ಗರ್ಭಕೋಶ ಬಾತು ಕೀವಾಗುವ ಭಯ ಹೆಚ್ಚು ಎಂದಿತ್ತು. ಯಾರಿಗೂ ತೋರಿಸದೆ ಮಡಿಚಿ ಚೀಲದಲ್ಲಿಟ್ಟೆ. ಹದಿನೈದು ದಿನ ಕಳೆದು ಸ್ಕ್ಯಾನ್ ಮಾಡಿದರೆ ಗಬ್ಬ ನಿಂತಿತ್ತು! ಕುದುರೆಯವನು ಸಕ್ಕರೆ ಹಂಚಿದ. ಕಾಂಪೌಂಡರ್ ಅದನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದು ನಿಂತಿದ್ದರು.

ಐದನೇ ತಿಂಗಳಲ್ಲಿ, ದಿನ ತುಂಬದೆ, ಕುದುರೆ ಕಂದು ಹಾಕಿತು. ಮಾಸಿನ ಚೂರು ಒಳಗೇ ಉಳಿದು ಕೊಳೆಯಿತು. ನಾವಿಬ್ಬರೂ ದಿನಾ ಹೋಗಿ ಗರ್ಭಕೋಶ ತೊಳೆದೆವು. ಮೂರನೇ ದಿನ ಕಾಂಪೌಂಡರ್ ಮುಂಗಾಲಿನ ಗೊರಸು ಮುಟ್ಟಿ ನೋಡಿದರು, ಸುಡುತ್ತಿತ್ತು. "ನಂಜು ಕಾಲ್ಗಿಳೀತು ಮೇಡಂ" ಎಂದರು. ಮರುದಿನ ಮಲಗಿದ ಕುದುರೆ ಮತ್ತೆ ಏಳಲಿಲ್ಲ.

"ಯಾರ್ ತಪ್ಪು ಇದು? ಹೇಳ್ರಿ!" ಎಂದು ಕುದುರೆಯವನು ಕೂಗಿದ. ರಿಪೋರ್ಟಿದ್ದ ಚೀಲವನ್ನು ನಾನು ಬಗಲಿಗೆ ಒತ್ತಿಕೊಂಡೆ.

"ನಂದು ಕಣಪ್ಪ. ಅವತ್ತು ಗಂಡು ಬಿಡೋವಾಗ ಕೈ ಸರ್ಯಾಗಿ ತೊಳ್ದಿರ್ಲಿಲ್ಲ" ಎಂದರು ಕಾಂಪೌಂಡರ್.

ದಾರಿಯಲ್ಲಿ ನಾನು ಅತ್ತುಬಿಟ್ಟೆ. "ನಿಮ್ದಿನ್ನೂ ಸುರು ಮೇಡಂ, ನಂದು ಮುಗೀತಾ ಬಂತು" ಎಂದಷ್ಟೇ ಹೇಳಿದರು. ಆಮೇಲೆ ಆ ಕಡೆಯ ಊರುಗಳಲ್ಲಿ ಅವರನ್ನು ಯಾರೂ ಕೊಟ್ಟಿಗೆಗೆ ಕರೆಯಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಕಾಮಗೆರೆಯ ಮನೆ ಮುಂದೆ ಹೆಣಕ್ಕೆ ನೀರು ಹುಯ್ಯುವಾಗ ಕುದುರೆಯವನೂ ಬಂದಿದ್ದ. "ಈಗ್ಲಾದ್ರೂ ಕೈ ಸರ್ಯಾಗಿ ತೊಳೀರಪ್ಪ" ಎಂದ. ಯಾರೋ ನಕ್ಕರು. ಆಗಲೂ ನಾನು ಬಾಯಿ ಬಿಡಲಿಲ್ಲ. ರಿಪೋರ್ಟು ಇನ್ನೂ ನನ್ನ ಚೀಲದಲ್ಲೇ ಇದೆ. ಇವತ್ತು ಇಷ್ಟು ಬರೆದಿದ್ದೇನೆ. ಎರಡನ್ನೂ ಧನಗೆರೆಗೆ ನಾನೇ ಹೋಗಿ ಕುದುರೆಯವನ ಕೈಗೆ ಕೊಡಬೇಕು.