ಎಪ್ಪತ್ತು ಅಂದರೆ ಯಾವ ಎಪ್ಪತ್ತು

ನೀಲಗಿರಿಯ ಹುಬ್ಬತಲೈ ಊರಿನ ಮಾದನಿಗೆ ಟೀ ಫ್ಯಾಕ್ಟರಿಯಿಂದ ಮೂರು ತಿಂಗಳ ಸಂಬಳ ಇನ್ನೂ ಬರಬೇಕು. ಅದರ ಬದಲಿಗೆ ಅವನ ಬೀರುವಿನಲ್ಲಿ ಹತ್ತೊಂಬತ್ತು ಸಿಗಾರ್ ಇವೆ. ಮಾದ ಹುಟ್ಟಿದಂದಿನಿಂದ ಒಂದು ಬೀಡಿ ಸೇದಿದವನಲ್ಲ.

ಎಲೆಗೆ ರೇಟಿಲ್ಲ ಅಂತ ಫ್ಯಾಕ್ಟರಿಯ ಮಾಲೀಕ, ನಮ್ಮ ಮುದಲಾಳಿ ಕಾರ್ತಿಕೇಯನ್ ಸಂಬಳ ನಿಲ್ಲಿಸಿದ. ನಾವು ಹನ್ನೊಂದು ದಿನ ಗೇಟಿಗೆ ಅಡ್ಡ ಕೂತೆವು. ಹನ್ನೆರಡನೆಯ ದಿನ ಅವನು ಹೊರಗೆ ಬಂದು, ಕೈಯಲ್ಲಿ ಕಾಸಿಲ್ಲ, ಎರಡು ತಿಂಗಳು ಕೊಡಿ, ಅಲ್ಲಿಯ ತನಕ ಆಫೀಸಿನ ಸಾಮಾನನ್ನೇ ಒತ್ತೆ ಇಟ್ಟುಕೊಳ್ಳಿ ಎಂದ. ಹೇಳಿ ಬಾಯಿ ಮುಚ್ಚುವುದರೊಳಗೆ ಫ್ಯಾನು, ಗೋಡೆ ಗಡಿಯಾರ, ತಿರುಗುವ ಕುರ್ಚಿ ಎಲ್ಲ ಹೋಯಿತು. ಟೀ ಜರಡಿ ಹಿಡಿಯುವ ವಸಂತಾಮಣಿ ಗೋಡೆಗೆ ನೇತುಹಾಕಿದ್ದ ಜೋಡಿ ಥರ್ಮಾಮೀಟರನ್ನೇ ಕಿತ್ತುಕೊಂಡು ಹೋಗಿ ಮನೆಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದಳು. ಅಷ್ಟು ಹೊತ್ತೂ ನಮ್ಮ ಮಾದ ಎಲ್ಲಿದ್ದ? ಮೇಲಿನ ಅಟ್ಟದಲ್ಲಿ. ಮುಷ್ಕರದ ಹಿಂದಿನ ದಿನ ಹರಡಿದ್ದ ಎಲೆ ಕೊಳೆತು ನಾರುತ್ತಿದೆ, ನೋಡಲಾಗುವುದಿಲ್ಲ ಅಂತ ಕಸಪೊರಕೆ ಹಿಡಿದು ಹೋಗಿದ್ದ. ಇಂಥವರನ್ನು ಕಟ್ಟಿಕೊಂಡು ಚಳವಳಿ ಮಾಡಿದವರಿಗೆ ಮಾತ್ರ ನನ್ನ ಕಷ್ಟ ಗೊತ್ತಾದೀತು.

ಅವನು ಇಳಿದು ಬಂದಾಗ ಉಳಿದದ್ದು ಇಪ್ಪತ್ತೈದು ಸಿಗಾರಿನ ಒಂದು ಮರದ ಪೆಟ್ಟಿಗೆ. ಕಾರ್ತಿಕೇಯನ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ, ಹೆಣ್ಣು ಒಪ್ಪಿಸುವವನ ಹಾಗೆ. ಇದು ಕ್ಯೂಬಾದ್ದು, ನಿನ್ನ ಮೂರು ತಿಂಗಳಿಗಿಂತ ಜಾಸ್ತಿ ಬಾಳುತ್ತದೆ, ಸಂಬಳ ಕೊಟ್ಟು ನಾನೇ ಬಿಡಿಸಿಕೊಳ್ಳುತ್ತೇನೆ, ಆದರೆ ಎಪ್ಪತ್ತು ಪರ್ಸೆಂಟಿನಲ್ಲಿ ಇಟ್ಟಿರಬೇಕು, ಕೆಟ್ಟರೆ ಜವಾಬ್ದಾರಿ ನನ್ನದಲ್ಲ ಎಂದ. ಅದನ್ನೇ ಚೀಟಿಯಲ್ಲಿ ಬರೆದು ಸಹಿಯನ್ನೂ ಹಾಕಿದ.

ಮಾದನಿಗೆ ನಗು ಬಂತು. ಎಪ್ಪತ್ತೇ? ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ. ಹಸಿ ಎಲೆಯನ್ನು ಅಟ್ಟದಲ್ಲಿ ಹರಡಿ, ಕೆಳಗಿಂದ ಗಾಳಿ ಬಿಟ್ಟು, ನೂರು ಕಿಲೋ ಎಲೆ ನೀರು ಕಳೆದುಕೊಂಡು ಎಪ್ಪತ್ತು ಕಿಲೋ ಆಗುವ ತನಕ ಬಾಡಿಸುವುದು. ತಕ್ಕಡಿ ಬೇಡ, ಒಂದು ಹಿಡಿ ಎಲೆ ಹಿಸುಕಿ ಬಿಟ್ಟು ಅದು ಬಿಚ್ಚಿಕೊಳ್ಳುವ ಸೋಮಾರಿತನ ನೋಡಿ ಹೇಳುತ್ತಿದ್ದ. ದಿನಾ ಬೆಳಗ್ಗೆ ಕೆಳಗಿನಿಂದ "ಮಾದಾ, ಎಪ್ಪತ್ತು ಬಂತಾ?" ಅಂತ ಕೂಗುತ್ತಿದ್ದವನು ಇದೇ ಕಾರ್ತಿಕೇಯನ್.

ಹಾಗಾಗಿ ಪೆಟ್ಟಿಗೆ ಮನೆಗೆ ಬಂದ ದಿನವೇ ಸಿಗಾರುಗಳು ತರಕಾರಿ ಅಂಗಡಿಯ ತಕ್ಕಡಿ ಹತ್ತಿದವು. ಮುನ್ನೂರು ಗ್ರಾಂ. ಹಾಗಾದರೆ ಇನ್ನೂರ ಹತ್ತಕ್ಕೆ ಇಳಿಸಬೇಕು. ಒಲೆಯ ಮೇಲೆ ಮೊರ ಕಟ್ಟಿ ಹರಡಿದ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ. ಮೂರನೆಯ ದಿನ ಇನ್ನೂರ ಎಂಬತ್ತೆಂಟು. ಹತ್ತನೆಯ ದಿನ ಇನ್ನೂರ ಎಪ್ಪತ್ತೆರಡು. ಅಲ್ಲಿಗೆ ನಿಂತಿತು. ಒಲೆಗೆ ಇನ್ನೆರಡು ಕೊರಡು ತುರುಕಿದ, ಟೇಬಲ್ ಫ್ಯಾನ್ ತಿರುಗಿಸಿದ, ಅಟ್ಟದಲ್ಲಿ ಎಲೆಯನ್ನು ಬೈಯುತ್ತಿದ್ದ ಹಾಗೆ ಅವುಗಳ ತಾಯಿಯನ್ನೂ ಬೈದ. ಒಂದು ಗ್ರಾಂ ಅಲ್ಲಾಡಲಿಲ್ಲ. ಕೇರಿಯವರೆಲ್ಲ ಬಂದು, ನಿಮ್ಮ ಮನೆಗೆ ಸುರುಟು ಸೇದುವ ಯಾವ ದೊರೆ ಬಂದಿದ್ದಾನೆ ಅಂತ ಮೂಗು ಅರಳಿಸಿ ಕೇಳಿ ಹೋದರು. ಹೆಂಡತಿ ಪಾಪಾತಿ ಅಡುಗೆಮನೆಗೆ ಹೋಗುವುದನ್ನೇ ಬಿಟ್ಟಳು.

ಕಡೆಗೆ ನನ್ನ ಹತ್ತಿರ ಬಂದ. ಮುಖ ಸತ್ತುಹೋಗಿತ್ತು.

"ಮೂವತ್ತೊಂದು ವರ್ಷದಲಿ ಒಂದು ಎಲೆಯೂ ಎನ್ನ ಸೋಲಿಸಿಲ್ಲೆ, ಅಣ್ಣಾ. ಈ ಕ್ಯೂಬಾದ ಎಲೆ ತೊಂಬತ್ತರಲಿ ಕೂತಿದ್ದು ಎದ್ದೇಳದು."

ನಾನು ಬೀಡಿ ಸೇದುವವನು, ನನಗೇನು ತಿಳಿದೀತು. ವಸಂತಾಮಣಿಯ ಥರ್ಮಾಮೀಟರ್ ಕೇಳಿ ನೋಡು ಎಂದೆ. ಅವಳ ಮನೆಗೆ ಇಬ್ಬರೂ ಹೋದೆವು. ಆ ಹಲಗೆಯಲ್ಲಿ ಎರಡು ಕೊಳವೆ, ಒಂದರ ತುದಿಗೆ ಒದ್ದೆ ಬತ್ತಿ. ಎರಡರ ವ್ಯತ್ಯಾಸ ನೋಡಿ ಗಾಳಿಯಲ್ಲಿ ತೇವ ಎಷ್ಟು ಅಂತ ಹೇಳುವ ಪಟ್ಟಿಯೊಂದು ಅದಕ್ಕೆ ಅಂಟಿಸಿತ್ತು. ವಸಂತಾಮಣಿ ಚೀಟಿ ಓದಿದಳು, ಪಟ್ಟಿ ಓದಿದಳು, ಫೋನಿನಲ್ಲಿ ಏನೋ ಓದಿದಳು, ಆಮೇಲೆ ಮಾದನನ್ನು ನೋಡಿದಳು.

"ಲೋ ಮಾದಣ್ಣಾ, ಇದು ಗಾಳಿಯ ಎಪ್ಪತ್ತು. ಸುರುಟಿನ ಸುತ್ತ ಇರೋ ಗಾಳಿ ತೇವ ಇರಬೇಕಂತೆ. ನೀ ಹೆಣ ಒಣಗಿಸಿದಂಗ ಒಣಗಿಸಿದ್ದಿ."

ಮಾದ ದೇವರ ಪಟದ ಕೆಳಗೆ ಕುಕ್ಕರಿಸಿದ. ಅಷ್ಟರಲ್ಲಿ ಮೂರು ವಾರ ಕಳೆದಿತ್ತು, ಸಿಗಾರು ಮುಟ್ಟಿದರೆ ಹಪ್ಪಳದ ಸದ್ದು. ಕೆಟ್ಟರೆ ಸಂಬಳ ಹೋಯಿತು, ಚೀಟಿಯಲ್ಲೇ ಬರೆದಿದೆ. ದಿನಾ ಪಟಕ್ಕೆ ಹೂ ತಂದುಕೊಡುವ ಮಾತಿನ ಮೇಲೆ ವಸಂತಾಮಣಿ ಥರ್ಮಾಮೀಟರ್ ಕೊಟ್ಟಳು.

ಈಗ ನೀರು ವಾಪಸ್ ತುಂಬಬೇಕು. ಮೊದಲು ಪೆಟ್ಟಿಗೆ ತೆರೆದು ಜಗುಲಿಯ ಮಂಜಿನಲ್ಲಿಟ್ಟ. ಜುಲೈ ತಿಂಗಳು, ಗಾಳಿ ತೊಂಬತ್ತೈದು. ಎರಡೇ ದಿನದಲ್ಲಿ ಒಂದು ಸಿಗಾರಿಗೆ ಬೂಸಲು ಬಂತು, ಎಸೆದ. ಇನ್ನು ಇದು ಬಯಲಿನ ಕೆಲಸವಲ್ಲ ಅಂತ ಇಡೀ ವ್ಯವಹಾರವನ್ನು ಪಾಪಾತಿಯ ಉಕ್ಕಿನ ಬೀರುವಿಗೆ ಸಾಗಿಸಿದ. ಒಳಗೆ ಥರ್ಮಾಮೀಟರ್ ನೇತುಹಾಕಿದ. ತೇವ ಏರಿಸಲು ತುಮ್ಮನಟ್ಟಿ ಊರಿನ ಕ್ಯಾರೆಟ್ ಸೀಳಿ ಇಟ್ಟ. ಏರಿದ್ದು ಹೆಚ್ಚಾದರೆ ಇಳಿಸಲು ಒಣ ಟೀ ಪುಡಿಯ, ಅಂದರೆ ತೂಳಿನ, ಚೀಲ ಇಟ್ಟ. ಟೀ ತೂಳು ಗಾಳಿಯ ನೀರು ಕುಡಿಯುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಳಿದರೆ ಕ್ಯಾರೆಟ್, ಏರಿದರೆ ತೂಳು. ಐದು ವಾರ ಆ ಮನುಷ್ಯ ಬೀರುವಿನ ಎದುರು ಸ್ಟೂಲು ಹಾಕಿಕೊಂಡು ಕೂತ. ಮನೆಯಲ್ಲಿ ಸಾರಿಗೆ ಕ್ಯಾರೆಟ್ ಇಲ್ಲ, ಲೋಟಕ್ಕೆ ಟೀ ಇಲ್ಲ.

ಆ ಬೀರುವಿನಲ್ಲೇ ನಮ್ಮ ಹೆಂಗಸರು ಮದುವೆ ಹಬ್ಬಕ್ಕೆ ಉಡುವ ಬಿಳಿ ಮುಂಡು, ಪಾಪಾತಿಯದು, ಇದ್ದದ್ದು. ಅದನ್ನೇ ಉಟ್ಟು ಅವಳು ತಂಗಿಯ ಊರಿನ ಮದುವೆಗೆ ಹೋದಳು. ಪಂಕ್ತಿಯಲ್ಲಿ ಕೂತ ಮುದುಕರು ಅವಳ ಕಡೆಗೇ ವಾಲಿದರಂತೆ. ಒಬ್ಬ ಮುದುಕಿ ಕೈಹಿಡಿದು ಪಕ್ಕಕ್ಕೆ ಕರೆದು, ಯಾವ ಮಾರ್ಕಿನದು ಸೇದುತ್ತಿ, ಎನಗೂ ಒಂದು ತಂದುಕೊಡು ಎಂದಳಂತೆ. ಪಾಪಾತಿ ಮನೆಗೆ ಬಂದು ಮಾದನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಆದರೆ ಕ್ಯಾರೆಟ್ ಸೀಳುವುದನ್ನು ಬಿಡಲಿಲ್ಲ, ಸಂಬಳ ಅವಳಿಗೂ ಬೇಕಿತ್ತಲ್ಲ.

ಹೇಳಿದ ಎರಡು ತಿಂಗಳು ತುಂಬಿದ ದಿನ ಕಾರ್ತಿಕೇಯನ್ ಕಾರಿನಲ್ಲಿ ಬಂದ. ಮಾದ ಬೀರು ತೆರೆದು ಪಟ್ಟಿ ತೋರಿಸಿದ. ಎಪ್ಪತ್ತು, ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಮುದಲಾಳಿ ಒಂದು ಸಿಗಾರು ತೆಗೆದು ಕಿವಿಯ ಹತ್ತಿರ ಹಿಸುಕಿ ಕೇಳಿದ, ಮೂಸಿದ, ಹಚ್ಚಿದ. ಒಂದು ದಮ್ಮು ಎಳೆದು ಕಣ್ಣು ಮುಚ್ಚಿದ. ಇನ್ನೊಂದು ಎಳೆದ. ಜಗುಲಿಯಲ್ಲಿ ಕಾಲು ಚಾಚಿ ಮುಕ್ಕಾಲು ಭಾಗ ಮುಗಿಸಿದ ಮೇಲೆ, ಇದರಲ್ಲಿ ಟೀ ವಾಸನೆ ಇದೆ, ಕ್ಯಾರೆಟ್ ವಾಸನೆ ಇದೆ, ಮಾಲು ಕೆಟ್ಟಿದೆ, ಸಂಬಳದ ಮಾತು ಆಮೇಲೆ ನೋಡೋಣ ಎಂದ.

ಪಾಪಾತಿ ಅವನ ಮುಂದೆ ಕೈ ಚಾಚಿ ನಿಂತಳು.

"ಕೆಟ್ಟಿದ್ದರೆ ಇತ್ತ ತಾ, ಒಲೆಗ ಹಾಕಿನೆ."

ಕೊಡಲಿಲ್ಲ. ಬಾಯಿಂದ ತೆಗೆಯಲೂ ಇಲ್ಲ. ಪರೀಕ್ಷೆಗೆ ಬೇಕು ಅಂತ ಇನ್ನೂ ನಾಲ್ಕು ಜೇಬಿಗೆ ಹಾಕಿಕೊಂಡು ಕಾರು ಹತ್ತಿದ.

ಬೂಸಲು ಬಂದದ್ದು ಒಂದು, ಸೇದಿದ್ದು ಒಂದು, ಜೇಬಿಗೆ ಹೋದದ್ದು ನಾಲ್ಕು. ಉಳಿದ ಹತ್ತೊಂಬತ್ತು ಬೀರುವಿನಲ್ಲಿವೆ, ಮಾದ ಸ್ಟೂಲಿನ ಮೇಲಿದ್ದಾನೆ. ಚೀಟಿಯಲ್ಲಿ ರುಚಿಯ ಮಾತಿಲ್ಲ, ಎಪ್ಪತ್ತು ಅಂತ ಮಾತ್ರ ಇದೆ. ಎಪ್ಪತ್ತು ಅವನು ಇಟ್ಟಿದ್ದಾನೆ.

ಸೋಮವಾರ ಹತ್ತು ಗಂಟೆಗೆ ಕಾರ್ತಿಕೇಯನ್ ಬಂಗಲೆಯ ಗೇಟಿಗೆ ನಾವು ಆ ಬೀರುವನ್ನೇ ಹೊತ್ತುಕೊಂಡು ಹೋಗುತ್ತೇವೆ. ಓದಿ ನಕ್ಕಿರಲ್ಲ, ಈಗ ಎದ್ದು ಬನ್ನಿ. ಉಕ್ಕಿನ ಬೀರು ಎತ್ತಲು ಆರು ಜನ ಬೇಕು, ನಾವು ನಾಲ್ಕೇ ಜನ ಇದ್ದೇವೆ. ಬರುವಾಗ ಎರಡು ಕ್ಯಾರೆಟ್ ತನ್ನಿ.