ಒಂದು ಸಲಕ್ಕೆ ಒಂದೇ ಸ್ವರ

ಜಯಕ್ಕ ಬಯ್ಯುವುದೂ ಪಿಸುಮಾತಿನಲ್ಲೇ. ನಮ್ಮ ಆರ್ಕೆಸ್ಟ್ರಾದಲ್ಲಿ ಯಾರಾದರೂ ತಾಳ ತಪ್ಪಿದರೆ ಆಕೆ ಕೂತಲ್ಲಿಂದ ಎದ್ದು, ವೈರುಗಳನ್ನೆಲ್ಲ ದಾಟಿಕೊಂಡು ಬಂದು, ತಪ್ಪಿದವರ ಕಿವಿಯ ಹತ್ತಿರ ಬಗ್ಗಿ, "ವಸಿ ನಿಧಾನ್ವಾಗಿ ಬಾರ್ಸುದ್ರೆ ನಿಮ್ಮಪ್ಪನ ಮನೆ ಗಂಟು ಓಯ್ತದಾ?" ಎಂದು ಉಸಿರಿನಲ್ಲೇ ಉಗಿದು ಹೋಗುತ್ತಿದ್ದರು. ಕೂಗಿ ಬಯ್ದವರ ಮಾತು ಮರೆತುಹೋಗುತ್ತದೆ. ಕಿವಿಗೆ ಬಿಸಿಗಾಳಿಯ ಹಾಗೆ ತಾಕುತ್ತಿದ್ದ ಜಯಕ್ಕನ ಬೈಗುಳ ಮಾತ್ರ ಮನೆಗೆ ಹೋಗಿ ಊಟಕ್ಕೆ ಕೂತಾಗಲೂ ಅಲ್ಲೇ ಇರುತ್ತಿತ್ತು.

ಕಟ್ಟಾಯದ ಕಡೆಯ ಗೌಡರ ಮನೆಯ ಮಗಳು. ಎತ್ತರದ ಆಳು, ಹಣೆಯಲ್ಲಿ ಕಾಸಗಲ ಕುಂಕುಮ, ಕೊರಳಿಗೆ ಯಾವಾಗಲೂ ಸುತ್ತಿಕೊಂಡ ಒಂದು ಹತ್ತಿಯ ವಸ್ತ್ರ. ಅಭ್ಯಾಸಕ್ಕೆ ಬರುವಾಗ ಡಬ್ಬಿಯ ತುಂಬ ಹುರಿಗಡಲೆ ಬೆರೆಸಿದ ಕಡಲೆಪುರಿ ತರುತ್ತಿದ್ದರು. ಎಲ್ಲರೂ ತಿನ್ನಲೇಬೇಕು. "ಅಸ್ಕೊಂಡೋರ ಕೈಲಿ ತಾಳ ನಿಲ್ಲಾಕಿಲ್ಲ" ಎನ್ನುವುದು ಅವರ ಶಾಸ್ತ್ರ. ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರು. ರಜೆಯ ದಿನಗಳಲ್ಲಿ ಹಾಸನಕ್ಕೆ ಬಂದು ಈ ತಂಡದಲ್ಲಿ ರಿದಮ್ ಮೆಷಿನ್ ನುಡಿಸುತ್ತಿದ್ದೆ. ವಯಸ್ಸಿನಲ್ಲಿ ಎಷ್ಟೋ ಚಿಕ್ಕವನಾದ ನನ್ನನ್ನೂ ಜಯಕ್ಕ "ಮೇಷ್ಟ್ರೆ" ಎಂದೇ ಕರೆದರು, ಕಡೆಯವರೆಗೂ.

ನಾನು ತಂಡಕ್ಕೆ ಸೇರಿದಾಗ ಅವರಿಗೆ ದನಿ ಇತ್ತು. ಅರಕಲಗೂಡು, ಹೊಳೆನರಸೀಪುರದ ಕಡೆ ಮದುವೆಗೆ ಆರ್ಕೆಸ್ಟ್ರಾ ಗೊತ್ತುಮಾಡುವವರು ಮೊದಲು ಕೇಳುತ್ತಿದ್ದದ್ದು, "ಜಯಮ್ಮ ಬತ್ತಾರಾ?" ಎಂದು. ಸಿನಿಮಾ ಹಾಡು ಮುಗಿಸಿ ಒಂದು ಸೋಬಾನೆ ಪದ ಎತ್ತಿಕೊಂಡರೆ ಊಟದ ಪಂಕ್ತಿಯಲ್ಲಿದ್ದವರೂ ಎಲೆಯ ಮೇಲೆ ಕೈ ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಆಮೇಲೆ ಗಂಟಲಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ ಆಯಿತು. ನೋಡಲು ಹೋದ ನಮಗೆ ಜಯಕ್ಕ ಸನ್ನೆ ಮಾಡಿ ಹತ್ತಿರ ಕರೆದು, "ಜೀವ ಉಳೀತು, ದನಿ ಓಯ್ತು. ಎರಡೂ ಬೇಕು ಅಂದ್ರೆ ಎಂಗೆ?" ಎಂದು ಪಿಸುಗುಟ್ಟಿದರು. ಪಕ್ಕದಲ್ಲಿದ್ದ ಅವರ ಗಂಡ ರಾಜಣ್ಣ ಮುಖ ಆಚೆ ತಿರುಗಿಸಿಕೊಂಡರು.

ತಂಡದ ಯಜಮಾನರು ಮಂಜಣ್ಣ, ಹೊಳೆನರಸೀಪುರದವರು, ಸ್ವತಃ ಕೀಬೋರ್ಡ್ ನುಡಿಸುವವರು. ಹೊಸ ಗಾಯಕಿಯನ್ನು ಕರೆತಂದರು, ತರದೆ ವಿಧಿಯಿರಲಿಲ್ಲ. ಆದರೂ ಜಯಕ್ಕ ಅಭ್ಯಾಸದ ಕೋಣೆಗೆ ಬರುವುದನ್ನು ಬಿಡಲಿಲ್ಲ. ಟೈರ್ ಅಂಗಡಿಯ ಮಹಡಿಯ ಮೇಲಿದ್ದ ಆ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತು, ನಾವು ನುಡಿಸುವುದನ್ನು ಕೇಳಿಸಿಕೊಂಡು, ಬಯ್ದು, ಕಡಲೆಪುರಿ ತಿನ್ನಿಸಿ ಹೋಗುತ್ತಿದ್ದರು.

ಆ ಮೂಲೆಯಲ್ಲೇ ಹಳೆಯ ದುಪ್ಪಟಿ ಹೊದ್ದು ಮಲಗಿದ್ದ ಒಂದು ಪೆಟ್ಟಿಗೆ ಇತ್ತು. ಒಂದು ದಿನ ದುಪ್ಪಟಿ ಸರಿಸಿ ನೋಡಿದರು. ಗಿಡ್ಡನೆಯ ಕೀಬೋರ್ಡು, ಅದರ ತಲೆಯ ಮೇಲೆ ಸಾಲುಸಾಲು ತಿರುಪುಗಳು. ಯಾವುದೋ ಕಾಲದಲ್ಲಿ ಮಂಜಣ್ಣನ ಅಣ್ಣ ಸ್ಟುಡಿಯೋ ಒಂದರಿಂದ ತಂದಿದ್ದ ಸಿಂಥಸೈಜರ್. ಈಗಿನ ಕೀಬೋರ್ಡುಗಳ ಹಾಗೆ ಒಳಗೆ ತುಂಬಿಟ್ಟ ಪಿಟೀಲು, ಕೊಳಲುಗಳ ನಕಲು ಅದರಲ್ಲಿ ಇರಲಿಲ್ಲ. ಕರೆಂಟಿನ ಬರೀ ಗುಂಯ್‌ಗುಟ್ಟುವಿಕೆಯನ್ನು ತಿರುಪುಗಳಿಂದ ತಿದ್ದಿ ತೀಡಿ ನಾವೇ ನಾದ ಮಾಡಿಕೊಳ್ಳಬೇಕು.

"ಅದನ್ನ ಮುಚ್ಚಿಡಿ ಜಯಮ್ಮ," ಎಂದರು ಮಂಜಣ್ಣ. "ಒಂದು ಸಲಕ್ಕೆ ಒಂದೇ ಸ್ವರ ಬರೋದು ಅದರಲ್ಲಿ. ಕೀಲಿಯ ಎರಡು ಮನೆ ಒಟ್ಟಿಗೆ ಒತ್ತಿದರೂ ಒಂದೇ. ಯಾತಕ್ಕೂ ಬಾರದ್ದು."

ಜಯಕ್ಕ ಮಂಜಣ್ಣನ ಹತ್ತಿರಕ್ಕೆ ಹೋಗಿ ಪಿಸುಗುಟ್ಟಿದ್ದು ನಮಗೆಲ್ಲ ಕೇಳಿಸಿತು. "ನನ್ ಗಂಟ್ಲಲ್ಲೂ ಒಂದ್ ಸಲುಕ್ಕೆ ಒಂದೇ ಸ್ವರ ಬತ್ತಿದ್ದುದ್ದು, ಮಂಜಣ್ಣ. ಆಗ ನೀವು ಯಾತಕ್ಕೂ ಬಾರದ್ದು ಅನ್ನಲಿಲ್ವಲ್ಲ."

ಮಂಜಣ್ಣ ತಾವೇ ಪ್ಲಗ್ಗು ಹುಡುಕಿ ಚುಚ್ಚಿಕೊಟ್ಟರು.

ಹಾಗೆ ಶುರುವಾಯಿತು. ಹಾರ್ಮೋನಿಯಂ ಗೊತ್ತಿದ್ದ ಬೆರಳುಗಳಿಗೆ ಮನೆಗಳು ತಿಳಿದಿದ್ದವು, ತಿರುಪುಗಳು ತಿಳಿಯಬೇಕಿತ್ತು. ನಾನು ತಿಳಿದಷ್ಟು ಹೇಳಿಕೊಡುತ್ತಿದ್ದೆ. ಅವರು ಅವಕ್ಕೆಲ್ಲ ತಮ್ಮದೇ ಹೆಸರಿಟ್ಟರು. ನಾದದ ಹೊಳಪು ಹೆಚ್ಚುಕಡಿಮೆ ಮಾಡುವ ಫಿಲ್ಟರ್ ಅವರ ಬಾಯಲ್ಲಿ 'ಮುಚ್ಳ' ಆಯಿತು. "ಮುಚ್ಳ ವಸಿ ತೆಗೀರಿ ಮೇಷ್ಟ್ರೆ, ಒಳಗೇ ಬೇಯ್ತಾ ಐತೆ" ಎನ್ನುವರು. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ತಿರುಪಿಗೆ 'ಜಾರು' ಎಂದರು. ಹಳೆಯ ಯಂತ್ರ, ಕಾದ ಮೇಲೆಯೇ ಶ್ರುತಿಗೆ ನಿಲ್ಲುವುದು. ಹಾಗಾಗಿ ಬಂದೊಡನೆ ಸ್ವಿಚ್ಚು ಹಾಕಿ, ಅದರ ಬೆನ್ನು ಮುಟ್ಟಿ ನೋಡಿ, ಆಮೇಲೆ ಚಪ್ಪಲಿ ಬಿಡುತ್ತಿದ್ದರು.

ನನ್ನ ರಿದಮ್ ಮೆಷಿನ್ನೂ ಅದೇ ಕಾಲದ್ದು. ಅದರ 'ಗುಮ್' ಎನ್ನುವ ಡೋಲಿನ ಪೆಟ್ಟು ಜಯಕ್ಕನಿಗೆ ಇಷ್ಟ, ನಡೆ ಇಷ್ಟವಿಲ್ಲ. "ಗಡಿಯಾರ ಓದಂಗೆ ಓಯ್ತದೆ. ರಾಗಿಕಲ್ಲು ಇಂಗೆ ತಿರುಗಾಕಿಲ್ಲ. ಅತ್ತಗೆ ತಳ್ಳುವಾಗ ಬಿರುಸು, ಇತ್ತಗೆ ಎಳ್ಕೊಳ್ಳುವಾಗ ನಿಧಾನ. ಕೈ ಕೊಡಿ" ಎಂದು ನನ್ನ ಕೈ ಹಿಡಿದು ಗಾಳಿಯಲ್ಲೇ ಬೀಸುವ ಕಲ್ಲು ತಿರುಗಿಸಿದರು. ಆ ಎಳೆತಕ್ಕೆ ಸರಿಯಾಗಿ ಪೆಟ್ಟುಗಳನ್ನು ಒಂದಿಷ್ಟು ಹಿಂದೆ ಜರುಗಿಸಿದೆ. ಮೆಷಿನ್ನು ಬೇರೆಯದೇ ಆಗಿಹೋಯಿತು. ಕೂತಿದ್ದ ಗಿಟಾರಿನವನು ತಲೆ ಆಡಿಸತೊಡಗಿದ.

ಆ ಯಂತ್ರದೊಂದಿಗೆ ಜಯಕ್ಕ ಮೊದಲ ಸಲ ವೇದಿಕೆ ಹತ್ತಿದ್ದು ಅರಕಲಗೂಡಿನ ಒಂದು ಆರತಕ್ಷತೆಯಲ್ಲಿ. ಗಾಯಕಿ ನೀರು ಕುಡಿಯುವ ಹೊತ್ತಿಗೆ ಒಂದು ಹಾಡು ನುಡಿಸಿ ಎಂದು ಮಂಜಣ್ಣ ಬಿಟ್ಟುಕೊಟ್ಟಿದ್ದರು. ಬಯಲಿನ ತಣ್ಣನೆ ಗಾಳಿಗೆ ಯಂತ್ರದ ಶ್ರುತಿ ಇಳಿಯಿತು. ಜಯಕ್ಕ ಗಾಬರಿಯಾದರು, ಜಾರು ಹೆಚ್ಚಾಯಿತು, ನಾದ ಬೆಕ್ಕು ಕೂಗಿದ ಹಾಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಯಾರೋ, "ಅಕ್ಕಾ, ಅದು ಬುಟ್ಟು ಬಾಯಲ್ಲಿ ಹಾಡಕ್ಕಾ!" ಎಂದು ಕೂಗಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಪ್ರೀತಿಯಿಂದಲೇ ಕೂಗಿದ್ದರು. ಅದೇ ಹೆಚ್ಚು ನೋಯಿಸಿತು. ಜಯಕ್ಕ ಹಾಡನ್ನು ನಡುವೆಯೇ ನಿಲ್ಲಿಸಿ ಕೆಳಗಿಳಿದರು. ವಾಪಸು ಬರುವಾಗ ಟೆಂಪೋದಲ್ಲಿ ಯಾರ ಕಡೆಗೂ ನೋಡಲಿಲ್ಲ. ಇನ್ನು ಇವರು ಬರುವುದಿಲ್ಲ ಎಂದುಕೊಂಡೆ.

ಮುಂದಿನ ಭಾನುವಾರ ನಾನು ಮಹಡಿ ಹತ್ತುವಾಗಲೇ ನಾದ ಕೇಳಿಸಿತು. ಬಾಗಿಲಲ್ಲೇ ನಿಂತೆ. ಜಯಕ್ಕ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಆಡುತ್ತಿತ್ತು. ಪದದ ಮಾತುಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತ, ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಬೆರಳು ಎತ್ತಿ ನಿಜವಾಗಿಯೇ ಉಸಿರು ತೆಗೆದುಕೊಂಡು, ಮತ್ತೆ ಒತ್ತುತ್ತಿದ್ದರು. ನನ್ನನ್ನು ನೋಡಿ ಹತ್ತಿರ ಕರೆದರು.

"ಅವತ್ತು ನಾನು ಇದುನ್ನ ಬಾರ್ಸುದೆ ಮೇಷ್ಟ್ರೆ. ಹಾಡಲಿಲ್ಲ. ಅದುಕ್ಕೇ ನಕ್ಕರು. ಉಸ್ರೇ ಇಲ್ದಿರಾ ಹಾಡು ಯಾರಿಗೆ ಬೇಕು?"

ಆಮೇಲೆ ಹಾಸನದಲ್ಲಿ ಮಹಿಳಾ ಸಂಘಗಳ ಸಮಾವೇಶಕ್ಕೆ ನಮ್ಮ ತಂಡವನ್ನು ಕರೆದರು. ಜಿಲ್ಲೆಯ ಊರೂರುಗಳಿಂದ ಹೆಂಗಸರು ಬರುವ ದೊಡ್ಡ ಕಾರ್ಯಕ್ರಮ. ಜಯಕ್ಕ ಒಂದು ಪದ ತಮಗೆ ಬೇಕು ಎಂದರು. ಮಂಜಣ್ಣ ಒಪ್ಪಲಿಲ್ಲ. ಜಯಕ್ಕ ಪಟ್ಟು ಬಿಡಲಿಲ್ಲ. ಕೊನೆಗೆ ಮಂಜಣ್ಣ ಕೈ ಮುಗಿದು, "ಆಯ್ತು. ಅಲ್ಲೂ ಜನ ನಕ್ಕರೆ ಆ ಪೆಟ್ಟಿಗೆ ಮತ್ತೆ ವೇದಿಕೆ ಹತ್ತಬಾರದು. ನಿಮ್ಮನ್ನ ನೋಡಿ ಜನ ನಗೋದು ನನ್ನ ಕೈಲಿ ಇನ್ನೊಂದು ಸಲ ನೋಡೋಕಾಗಲ್ಲ ತಾಯಿ" ಎಂದರು.

"ಆಯ್ತು," ಎಂದರು ಜಯಕ್ಕ.

ಮಧ್ಯಾಹ್ನದ ಹೊತ್ತು. ಸಭಾಂಗಣ ತುಂಬಿ, ಬಾಗಿಲುಗಳಲ್ಲೂ ಹೆಂಗಸರು ನಿಂತಿದ್ದರು. ಭಾಷಣಗಳಿಂದ ಬೇಸತ್ತು ಎಲ್ಲರೂ ತಮ್ಮತಮ್ಮಲ್ಲೇ ಮಾತಿಗೆ ಬಿದ್ದಿದ್ದರು. ಜಯಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದರು. ರಾಗಿಕಲ್ಲಿನ ನಡೆ ಶುರು ಮಾಡಿದೆ. ಗುಮ್... ಗುಗುಮ್. ಮುಂದಿನ ಸಾಲಿನ ಒಬ್ಬ ಮುದುಕಿಯ ಭುಜ ತಾನಾಗಿಯೇ ತೂಗಿತು. ಜಯಕ್ಕ ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡು ಸೋಬಾನೆ ಪದದ ಮೊದಲ ಸಾಲನ್ನು ಯಂತ್ರದಲ್ಲಿ ಎತ್ತಿದರು, ಮುಚ್ಚಳವನ್ನು ಮೆಲ್ಲಗೆ ತೆರೆಯುತ್ತ. ಸಾಲು ಮುಗಿದಾಗ ಬೆರಳು ಎತ್ತಿಬಿಟ್ಟರು. ನನ್ನ ಮೆಷಿನ್ನಿನ ಸದ್ದು ಮಾತ್ರ ಉಳಿಯಿತು.

ಸೋಬಾನೆ ಒಬ್ಬರ ಹಾಡಲ್ಲ. ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಜಯಕ್ಕ ಎತ್ತಿಕೊಟ್ಟು ಕಾಯುತ್ತಿದ್ದರು.

ಎಲ್ಲೋ ಎಡಗಡೆಯಿಂದ ಎರಡು ಮೂರು ದನಿಗಳು ಅದೇ ಸಾಲನ್ನು ಮಾತು ಕೂಡಿಸಿ ಹಾಡಿದವು. ಜಯಕ್ಕ ಎರಡನೆಯ ಸಾಲು ಎತ್ತಿದರು. ಈ ಸಲ ಎಡಗಡೆಯೆಲ್ಲ ಹಾಡಿತು. ಮೂರನೆಯ ಸಾಲಿಗೆ ಇಡೀ ಸಭಾಂಗಣ. ಅಷ್ಟು ದನಿ ಒಟ್ಟಿಗೆ ಎದೆಗೆ ಬಂದು ಬಡಿದದ್ದು ನನಗೆ ಅದೇ ಮೊದಲು. ಜಯಕ್ಕ ಕಣ್ಣು ತೆರೆದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಬಿಡುವಿಲ್ಲ. ಮುಂದಿನ ಸಾಲು ಕೊಡಬೇಕು, ಸಾವಿರ ಗಂಟಲು ಕಾಯುತ್ತಿವೆ. ಪದ ಮುಗಿದರೂ ಹೆಂಗಸರು ಬಿಡಲಿಲ್ಲ. ಇನ್ನೊಂದು, ಮತ್ತೊಂದು ಎಂದು ಕೂಗಿದರು. ಪಕ್ಕದಲ್ಲಿ ಮಂಜಣ್ಣ ಕೀಬೋರ್ಡಿನಿಂದ ಕೈ ತೆಗೆದು ಚಪ್ಪಾಳೆ ತಟ್ಟುತ್ತ ತಾವೂ ಹಾಡುತ್ತಿದ್ದರು. ಬಾಗಿಲ ಬಳಿ ರಾಜಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು.

ಅಂದಿನಿಂದ ಪೋಸ್ಟರಿನಲ್ಲಿ ಜಯಕ್ಕನ ಹೆಸರು ಮೇಲೆ ಹತ್ತಿತು. ಬೆಂಗಳೂರಿನಲ್ಲಿ ಇಂಥ ಯಂತ್ರಗಳ ಸಂಗೀತ ಮಾಡುವ ಹುಡುಗ ಹುಡುಗಿಯರು ಹುಡುಕಿಕೊಂಡು ಬಂದು, ಬೀಸುವ ಪದವೊಂದನ್ನು ರೆಕಾರ್ಡು ಮಾಡಿಕೊಂಡು ಹೋದರು. ಅದಕ್ಕೆ ಕುಣಿಯುವ ವಿಡಿಯೋ ತೋರಿಸಿದಾಗ ಜಯಕ್ಕ ನಕ್ಕ ನಗು ನೋಡಬೇಕಿತ್ತು. "ನಮ್ಮವ್ವ ಬೈಕೊಂಡು ರಾಗಿ ಬೀಸ್ತಿದ್ಲು ಮೇಷ್ಟ್ರೆ. ಇವು ನೋಡಿ, ಎಂಗೆ ಕುಣೀತಾವೆ!"

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಊಟ ಮಾಡಿ ಮಲಗಿದ ಜಯಕ್ಕ ಏಳಲಿಲ್ಲ. ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅದಕ್ಕೆ ಮುಂಚೆ, ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಯ ಮಗಳ ಮದುವೆಯಲ್ಲಿ. ವೇದಿಕೆ ಬೇಡ ಎಂದು ಹಸೆಯ ಪಕ್ಕದಲ್ಲೇ, ಜಮಖಾನದ ಮೇಲೆ ಹೆಂಗಸರ ನಡುವೆ ಯಂತ್ರ ಇಟ್ಟುಕೊಂಡು ಕೂತಿದ್ದರು. ಹೆಣ್ಣಿಗೆ ಅರಿಶಿನ ಹಚ್ಚುವ ಪದ. ಅವರು ಎತ್ತಿಕೊಡುತ್ತಿದ್ದರು, ಹೆಂಗಸರು ಹಿಡಿದುಕೊಳ್ಳುತ್ತಿದ್ದರು. ಕಣ್ಣು ಕಾಣದ ನಮ್ಮ ದೊಡ್ಡಮ್ಮನನ್ನು ಯಾರೋ ಕೈ ಹಿಡಿದು ತಂದು ಅಲ್ಲಿ ಕೂರಿಸಿದರು. ದೊಡ್ಡಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಗಾಳಿಯಲ್ಲಿ ಕೈ ಚಾಚಿ ತಡಕುತ್ತ ಕೇಳಿದರು:

"ಯಾರವ್ವಾ ಅದು ಎತ್ಕೊಡ್ತಾ ಇರೋಳು? ಗಂಟ್ಲು ಎಷ್ಟು ಚಂದಾಗೈತೆ!"

ಜಯಕ್ಕ ಒಂದು ಕೈಯಿಂದ ಸ್ವರವನ್ನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ದೊಡ್ಡಮ್ಮನ ಕೈ ಹಿಡಿದು, ಅವರ ಕಿವಿಗೆ ಬಗ್ಗಿ ಹೇಳಿದರು:

"ನಾನು ಕಣವ್ವ, ಕಟ್ಟಾಯದ ಜಯ."